ಮನೆಯ ಫೋಟೊ, ದಾರಿಯ ಖರ್ಚು



ಮನೆ ಕಟ್ಟಲಿಕ್ಕೋ, ಕೊಳ್ಳಲಿಕ್ಕೋ, ಇದ್ದ ಮನೆಯ ಮೇಲೆ ಸಾಲ ಎತ್ತಲಿಕ್ಕೋ ನೀವು ಬ್ಯಾಂಕಿಗೆ ಅರ್ಜಿ ಹಾಕಿದ್ದೀರಿ ಎನ್ನಿ. ಕಾಗದಪತ್ರ ಒಪ್ಪಿಸಿದ ಮೇಲೆ ಎರಡು ಕೆಲಸ ನಡೆಯುತ್ತವೆ. ವಕೀಲರೊಬ್ಬರು ನಿಮ್ಮ ಪತ್ರಗಳನ್ನು ಓದಿ ಲೀಗಲ್ ಒಪಿನಿಯನ್ ಬರೆಯುತ್ತಾರೆ. ಇನ್ನೊಬ್ಬರು ಟೇಪು, ಮೊಬೈಲು ಹಿಡಿದು ನಿಮ್ಮ ಬಾಗಿಲಿಗೇ ಬರುತ್ತಾರೆ. ಈ ಎರಡನೆಯವರು ವ್ಯಾಲ್ಯುವರ್, ಅಂದರೆ ಮೌಲ್ಯಮಾಪಕರು. ನನ್ನದು ಅದೇ ಕಸುಬು. ಕಲಬುರಗಿ ಶಹರದ ಮನೆ, ಪ್ಲಾಟು, ಕಮಲಾಪುರ ತಾಲೂಕಿನ ಊರುಗಳ ಗಾವಠಾಣದ ಮನೆ, ಹೊಲದಂಚಿನ ಗೋದಾಮು, ಇವನ್ನೆಲ್ಲ ಕಣ್ಣಾರೆ ನೋಡಿ ಬೆಲೆ ಬರೆಯುವುದು ನಮ್ಮ ಕೆಲಸ.

ಇವತ್ತು ನಾನು ಹೇಳಬೇಕೆಂದಿರುವುದು ಎರಡು ಸಂಗತಿ. ನಾವು ಅಷ್ಟೊಂದು ಫೋಟೊ ಯಾಕೆ ತೆಗೆಯುತ್ತೇವೆ, ಮತ್ತು ನಾವು ಬಂದು ಹೋಗುವ ಖರ್ಚು ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತದೆ. ಕೇಳಲಿಕ್ಕೆ ಬೇರೆ ಬೇರೆ ಅನ್ನಿಸುತ್ತವೆ. ನನ್ನ ಮಟ್ಟಿಗೆ ಅವು ಒಂದೇ. ದಾರಿಯ ಖರ್ಚು ಕೊಡದ ಕಡೆ ಫೋಟೊ ಸುಳ್ಳು ಹೇಳಲು ಶುರುಮಾಡುತ್ತದೆ.

ಮೊದಲು ಬೆಲೆಯ ಮಾತು ಸ್ವಲ್ಪ. ವರದಿಯಲ್ಲಿ ನಾವು ಬರೆಯುವುದು ಒಂದೇ ಬೆಲೆಯಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರದಂತೆ ಒಂದು, ಪೇಟೆಯಲ್ಲಿ ನಡೆಯುವ ಬೆಲೆ ಒಂದು, ಸಾವಕಾಶವಾಗಿ ಮಾರಿದರೆ ಕೈಗೆ ಬರಬಹುದಾದದ್ದು ಒಂದು, ತುರ್ತಿನಲ್ಲಿ ಹರಾಜು ಹಾಕಿದರೆ ಹುಟ್ಟುವುದು ಇನ್ನೊಂದು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮನೆ ಸಾಲ 30 ಲಕ್ಷದವರೆಗೆ ಇದ್ದರೆ ಆಸ್ತಿಯ ಬೆಲೆಯ ಶೇಕಡಾ 90ರಷ್ಟು, 30ರಿಂದ 75 ಲಕ್ಷದವರೆಗೆ ಶೇಕಡಾ 80, ಅದಕ್ಕೂ ಮೇಲಾದರೆ ಶೇಕಡಾ 75 ಮಾತ್ರ ಕೊಡಬಹುದು. ಹೀಗಾಗಿ ಸಣ್ಣ ಮನೆಯೊಂದಕ್ಕೆ ನಾನು ಎರಡು ಲಕ್ಷ ಕಡಿಮೆ ಬರೆದರೆ ಆ ಮನೆಯವರಿಗೆ ಸಿಗಬಹುದಾದ ಸಾಲ ಒಂದು ಲಕ್ಷ ಎಂಬತ್ತು ಸಾವಿರ ಇಳಿದುಹೋಗುತ್ತದೆ. ಎರಡು ಲಕ್ಷ ಹೆಚ್ಚು ಬರೆದರೆ ಬ್ಯಾಂಕಿನ ಹಣ ಗಾಳಿಯ ಮೇಲೆ ನಿಂತಂತೆ. ಈ ಬೆಲೆಗೆ ಸಾಕ್ಷಿ ಏನು ಅಂದರೆ ವರದಿಯ ಕೊನೆಯ ಹಾಳೆಗಳಲ್ಲಿ ಅಂಟಿಸಿದ ಫೋಟೊಗಳೇ.

2011ರಲ್ಲಿ ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಮತ್ತು ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ಸೇರಿ ಮೌಲ್ಯಮಾಪನಕ್ಕೆ ಒಂದು ಕೈಪಿಡಿ ತಂದವು. ಈಗ ಬ್ಯಾಂಕುಗಳು ಕೊಡುವ ನಮೂನೆಯ ತುದಿಯಲ್ಲಿ ಎರಡು ಬೇಡಿಕೆ ಇರುತ್ತವೆ. ಮನೆಯ ಮಾಲೀಕರು ಇಲ್ಲವೆ ಅವರ ಕಡೆಯವರು ಮನೆಯ ಮುಂದೆ ನಿಂತ ಫೋಟೊ, ಮತ್ತು ಆ ಜಾಗದ ಅಕ್ಷಾಂಶ ರೇಖಾಂಶ ತೋರಿಸುವ ಮೊಬೈಲಿನ ಸ್ಕ್ರೀನ್‌ಶಾಟ್. ಕಾಗದದ ಮೇಲೆ ಬೇಡಿಕೆ ಇಷ್ಟೇ. ನಡೆಯುವುದು ಬೇರೆ. ಮನೆಯ ಮುಖ, ಮುಂದಿನ ರಸ್ತೆ ಎಡಕ್ಕೂ ಬಲಕ್ಕೂ, ನಾಲ್ಕೂ ಕಡೆಯ ಗಡಿ, ಬಾಗಿಲ ಮೇಲಿನ ಪಾಲಿಕೆಯ ನಂಬರು, ಜೆಸ್ಕಾಂ ಮೀಟರಿನ ಆರ್.ಆರ್. ನಂಬರು, ಪಡಸಾಲೆ, ಅಡುಗೆಮನೆ, ಬಚ್ಚಲು, ಮೆಟ್ಟಿಲು, ಮಾಳಿಗೆ, ಅಲ್ಲಿರುವ ನೀರಿನ ಟಾಕಿ, ಗೋಡೆಯಲ್ಲಿ ಬಿರುಕಿದ್ದರೆ ಅದು, ಕೊನೆಗೆ ನಾನೇ ಹೋಗಿದ್ದೆ ಎಂಬುದಕ್ಕೆ ನನ್ನದೂ ಒಂದು ಸೆಲ್ಫಿ.

ಮನೆಯವರಿಗೆ ಇದು ಕಿರಿಕಿರಿ. ಒಬ್ಬ ತಾಯಿ ಕೇಳಿದ್ದರು: “ಯಾಕ್ರೀ ಸರ, ಪಡಸಾಲಿ ತಗೊಂಡ್ರಿ, ಅಡಗಿಮನಿ ತಗೊಂಡ್ರಿ, ಇನ್ನ ಬಚ್ಚಲದ್ದೂ ಬೇಕೇನು?” “ಹೌದ್ರೀ ಅವ್ವಾರ, ಬಚ್ಚಲದ್ದೇ ಮೊದ್ಲು ಬೇಕು” ಅಂದೆ. ತಮಾಷೆಗೆ ಹೇಳಿದ್ದಲ್ಲ. ಮನೆಯ ವಯಸ್ಸನ್ನು ಮುಚ್ಚಿಡಲು ಆಗದ ಜಾಗ ಬಚ್ಚಲು. ಪಡಸಾಲೆಗೆ ಬಣ್ಣ ಬಳಿದು ಹತ್ತು ವರ್ಷ ಕಡಿಮೆ ಮಾಡಬಹುದು, ಆದರೆ ಬಚ್ಚಲ ಗೋಡೆಯ ಆಚೆ ಬದಿಯಲ್ಲಿ ನೀರು ಜಿನುಗಿ ಸುಣ್ಣ ಉದುರುತ್ತಿದ್ದರೆ ಅಲ್ಲಿ ನಿಜ ಗೊತ್ತಾಗುತ್ತದೆ. ದೇವರ ಮನೆಯ ಫೋಟೊ ಬೇಕಿಲ್ಲ, ನಾನು ಕೇಳುವುದೂ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು, ಹೆಣ್ಣುಮಕ್ಕಳು ಪಕ್ಕಕ್ಕೆ ಸರಿಯುವವರೆಗೆ ಕಾಯ್ದು, ಗೋಡೆಯ ಕನ್ನಡಿಯಲ್ಲಿ ಯಾರೂ ಬೀಳದಂತೆ ನೋಡಿಕೊಂಡು ಕ್ಲಿಕ್ಕಿಸಬೇಕು. ಇದನ್ನು ಯಾವ ಕೈಪಿಡಿಯೂ ಹೇಳಿಕೊಡಲಿಲ್ಲ. ಬ್ಯಾಂಕಿನ ಕಂಪ್ಯೂಟರಿಗೆ ಹೋದ ಫೋಟೊ ಎಷ್ಟು ಜನರ ಕಣ್ಣಿಗೆ ಬೀಳುತ್ತದೋ ಮನೆಯವರಿಗೆ ತಿಳಿಯದು, ಆದ್ದರಿಂದ ಈ ಎಚ್ಚರ ನಮ್ಮದೇ.

ಶಹರದ ಹಳೆಯ ಭಾಗದಲ್ಲಿ ಫೋಟೊ ತೆಗೆಯುವುದೇ ಒಂದು ಸಾಹಸ. ಶಹಾಬಜಾರ, ಬ್ರಹ್ಮಪುರದ ಗಲ್ಲಿಗಳಲ್ಲಿ ಮನೆಯ ಪೂರ್ತಿ ಮುಖ ಹಿಡಿಯಬೇಕೆಂದರೆ ಹಿಂದೆ ಸರಿಯಲು ಜಾಗ ಇಲ್ಲ, ಬೆನ್ನಿಗೆ ಎದುರುಮನೆಯ ಗೋಡೆ ತಾಗುತ್ತದೆ. ಎದುರುಮನೆಯವರನ್ನು ಕೇಳಿಕೊಂಡು ಅವರ ಮಾಳಿಗೆ ಹತ್ತಬೇಕು. ಅವರ ಮೊದಲ ಪ್ರಶ್ನೆ ಒಂದೇ: “ಜಪ್ತಿ ಮಾಡ್ಲಿಕ್ಕೆ ಬಂದೀರೇನು?” ತಪ್ಪು ಅವರದಲ್ಲ. 2002ರ ಸರ್ಫೇಸಿ ಕಾಯ್ದೆ ಬಂದ ಮೇಲೆ ಸಾಲ ಕಟ್ಟದವರ ಮನೆ ಹರಾಜಿಗೆ ಇಡುವ ಮುನ್ನವೂ ಮೌಲ್ಯಮಾಪಕರೇ ಬೆಲೆ ಬರೆಯಬೇಕು. ಗೋಡೆಗೆ ನೋಟೀಸು ಅಂಟಿಸುವವರೂ, ಫೋಟೊ ತೆಗೆಯುವವರೂ ಅವರ ಕಣ್ಣಿಗೆ ಒಂದೇ ಥರ ಕಾಣುತ್ತಾರೆ. ಸಾಲ ಕೊಡಲಿಕ್ಕೆ ನೋಡುವುದು ಬೇರೆ, ಸಾಲ ವಸೂಲಿಗೆ ನೋಡುವುದು ಬೇರೆ ಎಂದು ತಿಳಿಸಿ ಹೇಳಿದ ಮೇಲೆಯೇ ಮಾಳಿಗೆಯ ಬಾಗಿಲು ತೆರೆಯುವುದು.

ಅಕ್ಷಾಂಶ ರೇಖಾಂಶ ಇದ್ದ ಮೇಲೆ ಉಳಿದ ಫೋಟೊ ಯಾಕೆ ಎಂದು ಕೇಳುವವರಿದ್ದಾರೆ. ಕಲಬುರಗಿ ಇರುವುದು ಸುಮಾರು 17 ಡಿಗ್ರಿ 20 ನಿಮಿಷ ಉತ್ತರ, 76 ಡಿಗ್ರಿ 50 ನಿಮಿಷ ಪೂರ್ವದಲ್ಲಿ. ಇದು ಊರಿನ ಗುರುತು. ಮೊಬೈಲಿನ ಜಿಪಿಎಸ್ ಬಯಲಲ್ಲಿ ಸುಮಾರು ಐದು ಮೀಟರ್ ಹೆಚ್ಚುಕಡಿಮೆಯಾಗಿ ಜಾಗ ತೋರಿಸುತ್ತದೆ. ಐದು ಮೀಟರ್ ಅಂದರೆ ಹದಿನಾರು ಅಡಿ. ಎತ್ತರದ ಗೋಡೆಗಳ ನಡುವೆ ಆ ತಪ್ಪು ಇನ್ನೂ ದೊಡ್ಡದಾಗುತ್ತದೆ. ಹದಿನೈದು ಅಡಿ ಮುಖದ ಮನೆಗಳು ಸಾಲಾಗಿ ನಿಂತ ಗಲ್ಲಿಯಲ್ಲಿ ಈ ಅಂಕಿ ನಿಮ್ಮ ಮನೆಯದೋ ಪಕ್ಕದ ಮನೆಯದೋ ಯಾರು ಹೇಳಬೇಕು? ಗಲ್ಲಿ ಯಾವುದೆಂದು ಉಪಗ್ರಹ ಹೇಳೀತು. ಮನೆ ಯಾವುದೆಂದು ಹೇಳಲು ಬಾಗಿಲ ನಂಬರು, ಮೀಟರು, ನಾಲ್ಕು ಗಡಿ ಬೇಕು.

ಗಡಿಯ ಮಾತಿನಲ್ಲಿ ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಇದ್ದವರು. ಹಳೆಯ ಮನೆಗಳ ಮೂಲಪತ್ರ ಉರ್ದುವಿನಲ್ಲಿ ಇರುತ್ತವೆ. ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಬಯಲು ಎಂದು ಬರೆದಿರುತ್ತದೆ. ಆ ಇಂಥವರು ತೀರಿಕೊಂಡು ಮೂರು ತಲೆಮಾರು ಕಳೆದಿವೆ, ಬಯಲಲ್ಲಿ ಈಗ ಮೂರು ಅಂತಸ್ತಿನ ಕಟ್ಟಡ ನಿಂತಿದೆ. ವಕೀಲರು ಪತ್ರ ಓದಬಹುದು, ಆದರೆ ಪತ್ರದ ಗಡಿಗೂ ನೆಲದ ಗಡಿಗೂ ಗಂಟು ಹಾಕಬೇಕಾದವರು ನಾವು. ನಾಲ್ಕೂ ದಿಕ್ಕಿನ ಫೋಟೊ ಇಲ್ಲದ ವರದಿಗೆ ಹಳೆಯ ಶಹರದಲ್ಲಿ ಬೆಲೆಯೇ ಇಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ರಿಂಗ್ ರೋಡಿನ ಆಚೆ ಕತೆಯೇ ಬೇರೆ. ಸೇಡಂ ರಸ್ತೆ, ಜೇವರ್ಗಿ ರಸ್ತೆ, ಹುಮನಾಬಾದ್ ಬೇಸ್ ದಾಟಿದ ಮೇಲೆ ಎನ್.ಎ., ಅಂದರೆ ಕೃಷಿಯೇತರ, ಲೇಔಟುಗಳು. ಮೂವತ್ತು-ನಲವತ್ತರ ಪ್ಲಾಟು ಎನ್ನುತ್ತಾರೆ, ಹೋಗಿ ನೋಡಿದರೆ ಎರೆ ನೆಲ, ಗಡಿಕಲ್ಲು ಕಿತ್ತುಹೋಗಿದೆ, ಜಾಲಿ ಬೆಳೆದಿದೆ. ಅಲ್ಲಿ ತೆಗೆದ ಫೋಟೊ ಯಾವ ಪ್ಲಾಟಿನದು ಎಂದರೂ ನಡೆದುಹೋಗುತ್ತದೆ, ಅಪಾಯ ಇರುವುದೇ ಅಲ್ಲಿ. ಹತ್ತಿರದ ಕರೆಂಟು ಕಂಬ, ತಿರುವು, ಕಟ್ಟಿದ ಮನೆ ಯಾವುದಾದರೂ ಚಿತ್ರದೊಳಗೆ ಬರಬೇಕು, ಲೇಔಟ್ ನಕ್ಷೆಯಲ್ಲಿ ಅದರಿಂದ ಎಷ್ಟನೆಯ ಪ್ಲಾಟು ಎಂದು ಎಣಿಸಿ ಬರೆಯಬೇಕು. ಎರೆ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅಡಿಪಾಯ ಗಟ್ಟಿಯಿಲ್ಲದ ಮನೆಯ ಕಿಟಕಿ ಮೂಲೆಗಳಲ್ಲಿ ಓರೆಯಾಗಿ ಬಿರುಕು ಬಿಡುವುದು ಇದರಿಂದಲೇ. ಆ ಬಿರುಕಿನ ಪಕ್ಕ ಒಂದು ನಾಣ್ಯ ಹಿಡಿದು ಫೋಟೊ ತೆಗೆದರೆ ಅಗಲ ಎಷ್ಟೆಂದು ಬ್ಯಾಂಕಿನಲ್ಲಿ ಕುಳಿತವರಿಗೂ ತಿಳಿಯುತ್ತದೆ.

ಬಿರುಕನ್ನು ನಾವು ಹಗುರವಾಗಿ ಕಾಣುವ ಹಾಗಿಲ್ಲ. ಆಳಂದದ ಗಡಿಯಾಚೆ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಹತ್ತು ಸಾವಿರದಷ್ಟು ಜನ ಸತ್ತರು. ಮಲಗಿದ್ದವರ ಮೇಲೆ ಬಿದ್ದದ್ದು ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ದಪ್ಪ ಗೋಡೆ ಮತ್ತು ಮಣ್ಣು ಹೊತ್ತ ಭಾರದ ಮಾಳಿಗೆ. ನಮ್ಮ ಹಳ್ಳಿಗಳ ಹಳೆಯ ಮನೆಗಳೂ ಬಹುಮಟ್ಟಿಗೆ ಅಂಥವೇ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿದಾಗ ಜನ ಊರು ಬಿಟ್ಟು ಹೋದದ್ದನ್ನು ನೀವೂ ಕೇಳಿದ್ದೀರಿ.

ಈಗ ಕಮಲಾಪುರಕ್ಕೆ ಹೋಗೋಣ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ, ರಾಷ್ಟ್ರೀಯ ಹೆದ್ದಾರಿ 50ರ ಮೇಲೆ, ಮಹಾಗಾಂವ ಕ್ರಾಸ್ ದಾಟಿ ಸುಮಾರು ಮೂವತ್ತೈದು ಕಿಲೊಮೀಟರ್. ಕೆಂಪು ಬಾಳೆಗೆ ಹೆಸರಾದ ಊರು, ಈಗ ತಾಲೂಕು ಕೇಂದ್ರ. ತಾಲೂಕಾದ ಮೇಲೆ ರಸ್ತೆ ಬದಿಯ ಜಾಗಕ್ಕೆ ಬೆಲೆ ಬಂತು, ಸಾಲದ ಅರ್ಜಿಗಳೂ ಬಂದವು. ಹೆದ್ದಾರಿಯ ಮೇಲಿನ ಮನೆಯಾದರೆ ನಮಗೂ ಸುಲಭ. ಆದರೆ ಅರ್ಜಿ ಬರುವುದು ಒಳಗಿನ ಊರುಗಳಿಂದ. ಅಲ್ಲಿ ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ ನೋಡಿ, ಅದರ ಉದ್ದ ಅಗಲಕ್ಕೂ ನೆಲದ ಮೇಲಿನ ಅಳತೆಗೂ ತಾಳೆ ಹಾಕಿ, ಫರಸಿ ಕಲ್ಲಿನ ನೆಲ, ಮಣ್ಣಿನ ಮಾಳಿಗೆ, ಹಿಂದೆ ಹೊಸದಾಗಿ ಸೇರಿಸಿದ ಆರ್‌ಸಿಸಿ ಕೋಣೆ, ಇಷ್ಟಕ್ಕೂ ಬೇರೆ ಬೇರೆ ಬೆಲೆ ಕಟ್ಟಬೇಕು. ಪಕ್ಕದಲ್ಲಿ ಇತ್ತೀಚೆಗೆ ಮಾರಾಟವಾದ ಮನೆಯ ದರ ಕೇಳೋಣವೆಂದರೆ ಹಳ್ಳಿಯಲ್ಲಿ ಮನೆ ಮಾರುವವರೇ ಅಪರೂಪ. ಚಹಾದ ಅಂಗಡಿಯಲ್ಲಿ ಕೂತು, ಹಿರಿಯರನ್ನು ಮಾತಾಡಿಸಿ, ಎರಡು ವರ್ಷದ ಹಿಂದೆ ಯಾರೋ ಮಾರಿದ ಜಾಗದ ಮಾತು ಹೊರಡಿಸಬೇಕು. ಶಹರದಲ್ಲಿ ಒಂದು ತಾಸಿನ ಕೆಲಸ ಇಲ್ಲಿ ಅರ್ಧ ದಿನ ನುಂಗುತ್ತದೆ.

ದಾರಿಯ ಲೆಕ್ಕ ನೋಡಿ. ಹೋಗಿ ಬರಲು ಎಪ್ಪತ್ತು ಕಿಲೊಮೀಟರ್, ಒಳಗಿನ ಊರಾದರೆ ತೊಂಬತ್ತು. ಮೋಟರ್‌ಸೈಕಲ್ಲಿನಲ್ಲಿ ಹೋದರೆ ಎರಡು ಲೀಟರ್ ಪೆಟ್ರೋಲು, ಲೀಟರಿಗೆ ನೂರರ ಮೇಲೆ, ಅಂದರೆ ಇನ್ನೂರು ದಾಟಿತು. ಕಾರಾದರೆ ಆರು ಲೀಟರ್, ಆರುನೂರರ ಮೇಲೆ. ಕೆಕೆಆರ್‌ಟಿಸಿ ಬಸ್ಸಿನಲ್ಲಿ ಹೋದರೆ ಅಗ್ಗ, ಆದರೆ ಕ್ರಾಸಿನಿಂದ ಒಳಗೆ ಟಂಟಂ ಹಿಡಿಯಬೇಕು, ವಾಪಸು ಅದು ತುಂಬುವ ತನಕ ಕಾಯಬೇಕು. 2017ರ ಅಕ್ಟೋಬರಿನಿಂದ ಬೀದರ್ ಕಲಬುರಗಿ ರೈಲು ಓಡುತ್ತಿದೆ, ಆದರೆ ಅದರ ವೇಳೆಗೆ ನಮ್ಮ ಕೆಲಸ ಹೊಂದಿಸಿಕೊಳ್ಳುವುದು ಕಷ್ಟ. ವರದಿಯ ಶುಲ್ಕ ಒಂದೂವರೆ ಸಾವಿರ ಎಂದು ಇಟ್ಟುಕೊಳ್ಳಿ. ಜೇವರ್ಗಿ ರಸ್ತೆಯ ಮನೆಗೂ ಅದೇ, ಕಮಲಾಪುರದ ಒಳಗಿನ ಊರಿನ ಮನೆಗೂ ಅದೇ. ಮೂಲದಲ್ಲೇ ತೆರಿಗೆ ಶೇಕಡಾ 10 ಹಿಡಿದುಕೊಂಡು, ಪೆಟ್ರೋಲು ಕಳೆದು, ವರದಿ ಟೈಪು ಮಾಡುವ ಹುಡುಗನ ಕೂಲಿ ಕೊಟ್ಟ ಮೇಲೆ ಉಳಿಯುವುದನ್ನು ನೀವೇ ಎಣಿಸಿ.

ಮನೆ ಕಟ್ಟುವ ಸಾಲವಾದರೆ ಒಂದೇ ಸಲ ಹೋದರೆ ಮುಗಿಯುವುದಿಲ್ಲ. ಬ್ಯಾಂಕು ಹಣವನ್ನು ಕಂತಿನಲ್ಲಿ ಬಿಡುತ್ತದೆ. ಪ್ಲಿಂತ್ ಆದಾಗ ಒಂದು ಫೋಟೊ, ಲಿಂಟಲ್ ಮಟ್ಟಕ್ಕೆ ಬಂದಾಗ ಒಂದು, ಸ್ಲ್ಯಾಬ್ ಬಿದ್ದಾಗ ಒಂದು, ಗಿಲಾವು ಮುಗಿದಾಗ ಇನ್ನೊಂದು. ಪ್ರತಿ ಸಲಕ್ಕೂ ದಾರಿ ಅಷ್ಟೇ ಉದ್ದ, ಶುಲ್ಕ ಮಾತ್ರ ಮೊದಲಿಗಿಂತ ಕಡಿಮೆ, ಎಷ್ಟೋ ಕಡೆ ಇಲ್ಲವೇ ಇಲ್ಲ.

ಹಿಂದೆ ಹೀಗಿರಲಿಲ್ಲ. 1957ರ ಸಂಪತ್ತು ತೆರಿಗೆ ಕಾಯ್ದೆಯ ನಿಯಮಗಳಲ್ಲಿ ನೋಂದಾಯಿತ ಮೌಲ್ಯಮಾಪಕರಿಗೆ ಶುಲ್ಕದ ಗರಿಷ್ಠ ಮಿತಿಯ ಪಟ್ಟಿ ಇತ್ತು. ಬೆಲೆಯ ಮೊದಲ 5 ಲಕ್ಷಕ್ಕೆ ಶೇಕಡಾ ಅರ್ಧ, ಮುಂದಿನ 10 ಲಕ್ಷಕ್ಕೆ ಶೇಕಡಾ ಒಂದರ ಐದನೇ ಒಂದು ಭಾಗ, ಅದರ ಮುಂದಿನ 40 ಲಕ್ಷಕ್ಕೆ ಶೇಕಡಾ ಒಂದರ ಹತ್ತನೇ ಒಂದು ಭಾಗ. 20 ಲಕ್ಷದ ಮನೆಗೆ ಹೆಚ್ಚೆಂದರೆ 5,000 ರೂಪಾಯಿ. 2015ರ ಬಜೆಟ್ಟಿನಲ್ಲಿ ಸಂಪತ್ತು ತೆರಿಗೆಯೇ ಹೋಯಿತು. ಹಾಗಂತ ಆ ಹಳೆಯ ಪದ್ಧತಿಯೂ ನನಗೆ ಸರಿ ಕಾಣುವುದಿಲ್ಲ. ಬೆಲೆ ಹೆಚ್ಚು ಬರೆದಷ್ಟೂ ಶುಲ್ಕ ಹೆಚ್ಚು ಅಂದರೆ ಕೈ ತಾನಾಗಿ ಮೇಲಕ್ಕೆ ಜಾರುತ್ತದೆ. ಸಂಪತ್ತು ತೆರಿಗೆ ಕಟ್ಟುವವರಿಗೆ ಬೆಲೆ ಕಡಿಮೆ ಬೇಕಿತ್ತು, ಅಲ್ಲಿ ತೂಕ ಸರಿಹೋಗುತ್ತಿತ್ತು. ಸಾಲ ಕೇಳುವವರಿಗೆ ಬೆಲೆ ಹೆಚ್ಚು ಬೇಕು. ಬೆಲೆಯನ್ನು ಬಿಟ್ಟು ಕೆಲಸದ ಮೇಲೆ, ದೂರದ ಮೇಲೆ ಶುಲ್ಕ ಇರಬೇಕು.

ಖರ್ಚು ಹೊಂದಿಸಲು ಕೆಲವು ಮೌಲ್ಯಮಾಪಕರು ಹಿಡಿಯುವ ದಾರಿಗಳು ಎರಡು, ಎರಡೂ ಕೆಟ್ಟವು. ಒಂದು, ಹೋಗದೇ ಇರುವುದು. ಮನೆಯವರಿಗೇ ಫೋನ್ ಮಾಡಿ ವಾಟ್ಸ್ಆ್ಯಪಿನಲ್ಲಿ ಫೋಟೊ ತರಿಸಿಕೊಳ್ಳುವುದು. ಇಲ್ಲವೆ ಆ ಊರಿನ ಹುಡುಗನೊಬ್ಬನಿಗೆ ನೂರು ರೂಪಾಯಿ ಕೊಟ್ಟು ತೆಗೆಸುವುದು. ಜಾಗ ಸುಳ್ಳು ತೋರಿಸುವ ಆ್ಯಪುಗಳೂ ಇವೆ, ಕಲಬುರಗಿಯಲ್ಲಿ ಕೂತು ಕಮಲಾಪುರದ ಅಕ್ಷಾಂಶ ಮೂಡಿಸಬಹುದು. ವರದಿಯ ಕೊನೆಯಲ್ಲಿ ಮಾತ್ರ ಖುದ್ದಾಗಿ ಸ್ಥಳ ನೋಡಿದ್ದೇನೆ, ಕೆಲಸ ಬೇರೆಯವರಿಗೆ ಒಪ್ಪಿಸಿಲ್ಲ ಎಂಬ ಘೋಷಣೆಗೆ ಸಹಿ ಬಿದ್ದಿರುತ್ತದೆ. ಇದರಿಂದ ಕೆಡುವುದು ಬ್ಯಾಂಕಿನ ಲೆಕ್ಕ ಒಂದೇ ಅಲ್ಲ. ಬಾರದ ವ್ಯಾಲ್ಯುವರ್ ಅಂಜಿಕೆಯಿಂದ ಬೆಲೆ ಕಡಿಮೆಯೇ ಬರೆಯುತ್ತಾನೆ. ಹಿಂದಿನ ಆರ್‌ಸಿಸಿ ಕೋಣೆ ಅವನ ಚಿತ್ರದಲ್ಲಿ ಬಂದಿರುವುದಿಲ್ಲ. ಹಳ್ಳಿಯವರಿಗೆ ಸಾಲ ಕಡಿಮೆ ಸಿಗುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ದಾರಿ, ಸಾಲ ಕೇಳುವವರ ಗಾಡಿಯಲ್ಲೇ ಹೋಗಿ, ಅವರ ಮನೆಯಲ್ಲೇ ಉಂಡು, ಪೆಟ್ರೋಲಿಗೆಂದು ಅವರು ಜೇಬಿಗೆ ತುರುಕಿದ್ದನ್ನು ಇಟ್ಟುಕೊಳ್ಳುವುದು. ನಮ್ಮ ಭಾಗದಲ್ಲಿ ಬಂದವರಿಗೆ ರೊಟ್ಟಿ ಊಟ ಹಾಕದೆ ಕಳಿಸುವುದಿಲ್ಲ, ಅದು ನಮ್ಮ ಹೆಮ್ಮೆ. ಆದರೆ ಉಂಡ ಮನೆಯ ಗೋಡೆಯ ಬಿರುಕು ಬರೆಯಲು ಕೈ ಹಿಂಜರಿಯುತ್ತದೆ. ಕಂಪನಿ ಕಾಯ್ದೆಯ ಅಡಿ 2017ರಲ್ಲಿ ಬಂದ ನೋಂದಾಯಿತ ಮೌಲ್ಯಮಾಪಕರ ನಿಯಮಗಳ ನಡತೆ ಸಂಹಿತೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಸ್ವತಂತ್ರ ಬುದ್ಧಿಗೆ ಧಕ್ಕೆ ತರುವ ಉಡುಗೊರೆ, ಸತ್ಕಾರ ಒಪ್ಪಬಾರದು. ಬರಹದ ಒಪ್ಪಂದದಲ್ಲಿ ಕಾಣಿಸದ ಯಾವ ಶುಲ್ಕವನ್ನೂ ತೆಗೆದುಕೊಳ್ಳಬಾರದು. ಅದೇ ಸಂಹಿತೆ ಇನ್ನೊಂದು ಮಾತನ್ನೂ ಹೇಳುತ್ತದೆ: ಸಂಭಾವನೆ ಮಾಡಿದ ಕೆಲಸಕ್ಕೆ ತಕ್ಕಂತೆ ಇರಬೇಕು. ಮೊದಲ ಎರಡು ಮಾತು ನಮಗೆ ಹೇಳಿದವು, ಮೂರನೆಯದು ನಮ್ಮನ್ನು ಕರೆಯುವವರಿಗೂ ಕೇಳಿಸಬೇಕು. ದಾರಿಯ ಖರ್ಚನ್ನು ಕಿಲೊಮೀಟರಿಗೆ ಇಷ್ಟು ಎಂದು ಬ್ಯಾಂಕಿನ ಕರಾರಿನಲ್ಲೇ ಬರೆದರೆ ಜೇಬಿಗೆ ತುರುಕುವ ಪ್ರಶ್ನೆಯೇ ಬರುವುದಿಲ್ಲ.

ಅಮೆರಿಕದಲ್ಲಿ ಫೋಟೊ, ಶುಲ್ಕಗಳ ಈ ಜಗಳ ಹಳೆಯದು. ಅಲ್ಲಿ ಫ್ಯಾನಿ ಮೇ ಎಂಬ ಗೃಹಸಾಲ ಸಂಸ್ಥೆಗೆ ಹೋಗುವ ವರದಿಯಲ್ಲಿ ಮನೆಯ ಮುಖ, ಹಿಂಬದಿ, ಬೀದಿ, ಅಡುಗೆಮನೆ, ಬಚ್ಚಲುಗಳ ಫೋಟೊ ಬೇಕು, ಜೊತೆಗೆ ಬೆಲೆ ಹೋಲಿಸಲು ಆರಿಸಿಕೊಂಡ ಕನಿಷ್ಠ ಮೂರು ಮಾರಾಟದ ಮನೆಗಳ ಮುಂಭಾಗದ್ದೂ ಬೇಕು. ಮನೆ ಮನೆಗೆ ಮೈಲುಗಟ್ಟಲೆ ಅಂತರವಿರುವ ಕಡೆ ಇದರ ಓಡಾಟ ಎಷ್ಟಾಗುತ್ತದೆ ಊಹಿಸಿ. ಅಲ್ಲಿಯ ಆದಾಯ ತೆರಿಗೆ ಇಲಾಖೆ 2025ರಲ್ಲಿ ಕೆಲಸದ ಓಡಾಟಕ್ಕೆ ಮೈಲಿಗೆ 70 ಸೆಂಟ್‌ನಂತೆ ಲೆಕ್ಕ ಹಿಡಿಯಲು ಬಿಟ್ಟಿತು. 2008ರ ಮನೆ ಸಾಲದ ಕುಸಿತದ ನಂತರ, 2010ರಲ್ಲಿ ಬಂದ ಡಾಡ್-ಫ್ರಾಂಕ್ ಕಾಯ್ದೆ ಮೌಲ್ಯಮಾಪಕರಿಗೆ ಆಯಾ ಪ್ರದೇಶದಲ್ಲಿ ರೂಢಿಯಲ್ಲಿರುವ, ನ್ಯಾಯವಾದ ಶುಲ್ಕ ಕೊಡಲೇಬೇಕು ಎಂದಿತು. ಬ್ಯಾಂಕಿಗೂ ಮೌಲ್ಯಮಾಪಕರಿಗೂ ನಡುವಿನ ಏಜೆನ್ಸಿಗಳು ಪಾಲು ಹಿಡಿದುಕೊಳ್ಳುತ್ತವೆ ಎಂಬ ದೂರು ಅಲ್ಲಿ ಇನ್ನೂ ಇದೆ, ನಮ್ಮಲ್ಲೂ ಇದೆ. ಕೊರೋನಾ ಬಂದಾಗ 2020ರಲ್ಲಿ ಅಲ್ಲಿ ಒಳಗೆ ಹೋಗದೆ ಹೊರಗಿನಿಂದಲೇ ಬೆಲೆ ಬರೆಯಲು ಕೆಲಕಾಲ ಒಪ್ಪಿದ್ದರು. ಹಾಗೆ ಮಾಡಿದ್ದನ್ನು ವರದಿಯಲ್ಲೇ ಬರೆಯಬೇಕಿತ್ತು. ನೋಡಿಲ್ಲ ಎಂದು ಬರೆದ ವರದಿ ಪ್ರಾಮಾಣಿಕವಾದದ್ದು, ನೋಡದೆ ನೋಡಿದೆ ಎನ್ನುವುದು ಮೋಸ.

ಕೊನೆಗೆ ಈ ಹಣ ಯಾರದು? ಕೇಳುಗರೇ, ನಿಮ್ಮದೇ. ಮೌಲ್ಯಮಾಪನದ ಶುಲ್ಕವನ್ನು ಬ್ಯಾಂಕು ಸಾಲಗಾರರಿಂದಲೇ ವಸೂಲಿ ಮಾಡುತ್ತದೆ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಆದೇಶದಂತೆ ಪ್ರತಿ ಮನೆ ಸಾಲಕ್ಕೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆಯನ್ನು ಬ್ಯಾಂಕು ಕೊಡಲೇಬೇಕು. ಬಡ್ಡಿ, ಪ್ರೊಸೆಸಿಂಗ್ ಶುಲ್ಕದ ಜೊತೆಗೆ ಬೇರೆಯವರ ಪರವಾಗಿ ವಸೂಲಿ ಮಾಡುವ ಶುಲ್ಕಗಳನ್ನೂ ಅದರಲ್ಲಿ ಬೇರೆಯಾಗಿ ತೋರಿಸಬೇಕು, ಅದಕ್ಕೆ ರಸೀದಿ ಕೊಡಬೇಕು, ಹಾಳೆ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಆ ಹಾಳೆಯನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ, ಮೌಲ್ಯಮಾಪನಕ್ಕೆ ನಿಮ್ಮಿಂದ ಎಷ್ಟು ಹಿಡಿದಿದ್ದಾರೆ ನೋಡಿ. ವ್ಯಾಲ್ಯುವರ್ ಬಂದಾಗ ಎಲ್ಲ ಕೋಣೆ ತೋರಿಸಿ, ಗಡಿ ತೋರಿಸಿ, ಮೀಟರಿನ ಬಿಲ್ಲು, ಇ-ಸ್ವತ್ತು ನಮೂನೆ ಕೈಯಲ್ಲಿ ಹಿಡಿದು ಮನೆಯ ಮುಂದೆ ನಿಲ್ಲಿ. ನೀರು ಕೊಡಿ, ಚಹಾ ಕೊಡಿ, ಪೆಟ್ರೋಲಿಗೆ ದುಡ್ಡು ಮಾತ್ರ ಕೊಡಬೇಡಿ. ಮತ್ತು ಯಾರೂ ನಿಮ್ಮ ಮನೆಗೆ ಬಾರದೆ ವರದಿ ತಯಾರಾಗಿದ್ದರೆ ಸುಮ್ಮನಿರಬೇಡಿ, ಬ್ಯಾಂಕಿನ ಮ್ಯಾನೇಜರರಿಗೆ ಬರಹದಲ್ಲಿ ತಿಳಿಸಿ.